ಸಾಕೆಟ್ ಟೆಸ್ಟ್ ಕೋಡಿಗೆ ಬಂದ ಸಣ್ಣ ಸ್ವಚ್ಛತಾ ಪ್ಯಾಚ್: ರಿವ್ಯೂದಾಗ ಏನ್ ನೋಡಬೇಕು?

ನೀವು ಕೇಳಿದ್ದು ಇದು: ವಿಜಯಪುರದಾಗ ಮನ್ಯಾಗ ಕುಂತು ಕೆಲಸ ಮಾಡ್ತೀರಿ. ತಂಡದಾಗಿನ ಒಬ್ಬರು ಲಿನಕ್ಸ್ ಮ್ಯಾಲ ಓಡೋ ಸಿ ಭಾಷೆಯ ನೆಟ್‌ವರ್ಕ್ ಟೆಸ್ಟ್‌ಗಳಿಗೆ ಪ್ಯಾಚ್ ಕಳಿಸ್ಯಾರ. ಐದು ಫೈಲ್‌ಗಳಾಗ ಕಾಪಿ ಹೊಡೆದಿದ್ದ ಸಾಕೆಟ್ (ನೆಟ್‌ವರ್ಕ್ ಮಾತುಕತೆಯ ತುದಿ ತೆರೆಯೋದು), ಬೈಂಡ್ (ಅದಕ್ಕ ವಿಳಾಸ ಕಟ್ಟೋದು), ಲಿಸನ್ (ಕನೆಕ್ಷನ್ ತಗೊಳ್ಳಾಕ ತಯಾರಾಗೋದು) ಸಾಲುಗಳನ್ನ ಒಂದು ಹೆಲ್ಪರ್ ಫಂಕ್ಷನ್‌ಗೆ ತಂದಾರ, ಎರಡ್ಮೂರು ಸ್ಲೀಪ್ (ಸುಮ್ನ ಕಾಯೋ ಕರೆ) ತಗದಾರ, ಬಳಕ್ಯಾಗ ಇರದ ವೇರಿಯಬಲ್ ಅಳಿಸ್ಯಾರ. ಸಂದೇಶದಾಗ 'ನಡವಳಿಕೆ ಬದಲಾಗಿಲ್ಲ' ಅಂತ ಐತಿ, ಸಿಐ (ಪ್ಯಾಚ್ ಬಂದಾಗ ತಾನ ಟೆಸ್ಟ್ ಓಡಿಸೋ ವ್ಯವಸ್ಥೆ) ಹಸಿರು ತೋರಸ್ತೈತಿ. ರಿವ್ಯೂ ನಿಮ್ಮ ಹೆಸರಿಗೆ ಬಂದೈತಿ. ಹಸಿರು ಇದ್ದಮ್ಯಾಲ ಮತ್ತೇನು ನೋಡೋದು?

ಹಸಿರು ಈ ಕೆಲಸಕ್ಕ ಭಾಳ ಉಪಯೋಗ ಇಲ್ಲ. ಸಾಮಾನ್ಯ ಕೋಡ್ ಕೆಟ್ಟರ ಟೆಸ್ಟ್ ಹಿಡಿತೈತಿ. ಟೆಸ್ಟ್ ಕೋಡ ಕೆಟ್ಟರ ಹಿಡಿಯಾಕ ಅದರ ಹಿಂದ ಮತ್ತೊಬ್ಬರಿಲ್ಲ. ಸ್ವಚ್ಛತಾ ಪ್ಯಾಚ್ ಮಾಡೋ ದೊಡ್ಡ ಹಾನಿ ಟೆಸ್ಟ್ ಬೀಳೋದಲ್ಲ, ಬೀಳಬೇಕಾದಾಗ ಬೀಳದಂಗ ಆಗೋದು. ಅದು ಸಿಐದಾಗ ಹಸಿರಾಗೇ ಕಾಣತೈತಿ. ಹಿಂಗಾಗಿ ಪ್ರತಿ ಬದಲಾದ ಸಾಲಿಗೂ ಒಂದ ಪ್ರಶ್ನೆ ಕೇಳ್ರಿ: ಇದು ಮೊದಲು ಯಾವ ತಪ್ಪಿಗೆ ಬೀಳತಿತ್ತು, ಈಗ್ಲೂ ಅದಕ್ಕ ಬೀಳತೈತೇನು?

ಓದಾಕ ಕುಂತಾಗ ಮೊದಲ ಸರಿಸಿದ ಸಾಲು ಯಾವುವು, ನಿಜವಾಗಿ ಬದಲಾದ ಸಾಲು ಯಾವುವು ಅನ್ನೋದನ್ನ ಬ್ಯಾರೆ ಮಾಡ್ಕೋರಿ. ಗಿಟ್ ಶೋಗೆ 'ಕಲರ್-ಮೂವ್ಡ್' ಆಯ್ಕೆ ಕೊಟ್ರ ಜಾಗ ಬದಲಿಸಿದ ಸಾಲು ಒಂದು ಬಣ್ಣ, ಹೊಸ ಸಾಲು ಇನ್ನೊಂದು ಬಣ್ಣದಾಗ ಬರತಾವ. 'ಡಬ್ಲ್ಯೂ' ಆಯ್ಕೆ ಕೊಟ್ರ ಬರೀ ಸ್ಪೇಸ್ ಬದಲಾಗಿದ್ದು ಮಾಯ ಆಗತೈತಿ. 140 ಸಾಲಿನ ಪ್ಯಾಚ್‌ನಾಗ ನೀವು ಖರೇನ ತಲಿ ಕೆಡಿಸ್ಕೋಬೇಕಾದ ಸಾಲು 25–30 ಉಳಿದಾವು. ಹೆಲ್ಪರ್‌ಗೆ ತಂದಿದ್ದು ಮತ್ತು ಸ್ಲೀಪ್ ತಗದಿದ್ದು ಒಂದ ಕಮಿಟ್‌ನಾಗ ಇದ್ರ ಒಡದು ಎರಡು ಮಾಡಾಕ ಹೇಳ್ರಿ. ಮೊದಲನೇದು ಖರೇನ 'ನಡವಳಿಕೆ ಬದಲಾಗಿಲ್ಲ' ಅನ್ನೋ ಜಾತಿದು. ಎರಡನೇದು ಅಲ್ಲವೇ ಅಲ್ಲ.

ಈಗ ಹೆಲ್ಪರ್ ಒಳಗ ಹೋಗೋಣ. ಸ್ಥಳೀಯ ವೇರಿಯಬಲ್ ಆಗಿದ್ದ ವಿಳಾಸದ ಸ್ಟ್ರಕ್ಟ್, ಹೆಲ್ಪರ್‌ಗೆ ಬಂದಮ್ಯಾಲ ಪಾಯಿಂಟರ್ ಆಗತೈತಿ. ಅಲ್ಲಿ ಮೊದಲಿನ 'ಸೈಜ್‌ಆಫ್' ಹಂಗ ಉಳಿದ್ರ ಅದು ಸ್ಟ್ರಕ್ಟ್ ಬಿಟ್ಟು ಪಾಯಿಂಟರ್‌ನ ಗಾತ್ರ ಹೇಳತೈತಿ, 64 ಬಿಟ್ ಯಂತ್ರದಾಗ ಅದರ ಬೆಲೆ 8. ಐಪಿವಿ4 ವಿಳಾಸ 16 ಬೈಟ್, ಐಪಿವಿ6 ವಿಳಾಸ 28 ಬೈಟ್. ಬೈಂಡ್‌ಗೆ 8 ಅಂತ ಉದ್ದ ಹೋದ್ರ ಕರ್ನಲ್ 'ಇನ್‌ವ್ಯಾಲಿಡ್ ಆರ್ಗ್ಯುಮೆಂಟ್' ಅಂತ ಅಲ್ಲೇ ಬೈತೈತಿ, ಅದು ಒಳ್ಳೇದು. ಕಳ್ಳ ಇರೋದು ಸ್ಟ್ರಕ್ಟ್‌ಗೆ ಸೊನ್ನೆ ತುಂಬಿ ಒರಸೋ ಮೆಮ್‌ಸೆಟ್‌ನಾಗ. ಐಪಿವಿ6 ಸ್ಟ್ರಕ್ಟ್‌ನಾಗ ಮೊದಲ 8 ಬೈಟ್ ಅಂದ್ರ ಫ್ಯಾಮಿಲಿ, ಪೋರ್ಟ್, ಫ್ಲೋಇನ್ಫೊ ಅಷ್ಟ. ವಿಳಾಸದ 16 ಬೈಟ್ ಮತ್ತು ಸ್ಕೋಪ್ ಐಡಿಯ (ಯಾವ ನೆಟ್‌ವರ್ಕ್ ಇಂಟರ್‌ಫೇಸ್ ಅನ್ನೋ ಸಂಖ್ಯೆ) 4 ಬೈಟ್ ಒರಸದ ಉಳಿತಾವ. ಲೂಪ್‌ಬ್ಯಾಕ್ (ಯಂತ್ರ ತನಗ ತಾನ ಮಾತಾಡೋ) ವಿಳಾಸಕ್ಕ ಸ್ಕೋಪ್ ಐಡಿ ಯಾರೂ ಕೇಳಂಗಿಲ್ಲ, ಟೆಸ್ಟ್ ಪಾಸ್. 'ಎಫ್‌ಇ80'ದಿಂದ ಸುರು ಆಗೋ ಲಿಂಕ್-ಲೋಕಲ್ ವಿಳಾಸದ ಟೆಸ್ಟ್ ಮಾತ್ರ ಸ್ಟ್ಯಾಕ್‌ನಾಗ ಏನು ಕಸ ಇತ್ತು ಅನ್ನೋದರ ಮ್ಯಾಲ ಒಮ್ಮೆ ಓಡತೈತಿ, ಒಮ್ಮೆ ಬೀಳತೈತಿ. ಜಿಸಿಸಿ ಕಂಪೈಲರ್‌ಗೆ 'ವಾಲ್' ಎಚ್ಚರಿಕೆ ಚಾಲೂ ಇಟ್ರ ಮೆಮ್‌ಸೆಟ್‌ದ್ದು ಅದ ಹೇಳತೈತಿ. ಎಷ್ಟೋ ಕಡಿ ಟೆಸ್ಟ್ ಫೋಲ್ಡರ್‌ನ ಮೇಕ್‌ಫೈಲ್‌ನಾಗ ಆ ಆಯ್ಕೆನ ಇರಂಗಿಲ್ಲ, ತಗದು ನೋಡ್ರಿ.

ಯೂನಿಕ್ಸ್ ಸಾಕೆಟ್ (ಒಂದ ಯಂತ್ರದೊಳಗಿನ ಪ್ರೊಸೆಸ್‌ಗಳ ನಡುವಿನ ಸಾಕೆಟ್) ಟೆಸ್ಟ್‌ಗಳು ಈ ಐದರಾಗ ಇದ್ರ ಉದ್ದದ ಮ್ಯಾಲ ಇನ್ನಷ್ಟು ಕಣ್ಣಿಡ್ರಿ. ಅಬ್‌ಸ್ಟ್ರ್ಯಾಕ್ಟ್ ಹೆಸರಿನಾಗ, ಅಂದ್ರ ಪಾತ್‌ನ ಮೊದಲ ಬೈಟ್ ಸೊನ್ನೆ ಇರೋ ಹೆಸರಿನಾಗ, ಉದ್ದಾನೂ ಹೆಸರಿನ ಭಾಗ. ಒಬ್ಬರು ಪೂರಾ ಸ್ಟ್ರಕ್ಟ್‌ನ 110 ಬೈಟ್ ಕೊಟ್ಟು ಬೈಂಡ್ ಮಾಡಿದ್ರ ಹೆಸರಿನ ಹಿಂದಿನ ಸೊನ್ನೆಗಳೆಲ್ಲಾ ಹೆಸರಿನಾಗ ಸೇರತಾವ. ಇನ್ನೊಬ್ಬರು ಅಕ್ಷರ ಎಷ್ಟು ಅದಾವೋ ಅಷ್ಟ ಎಣಿಸಿ ಕನೆಕ್ಟ್ ಮಾಡಿದ್ರ ಅದು ಬ್ಯಾರೆ ಹೆಸರು. ಸಿಗೋದು 'ಕನೆಕ್ಷನ್ ರಿಫ್ಯೂಸ್ಡ್'. ಐದು ಫೈಲ್‌ನಾಗ ನಾಲ್ಕು ಹೆಲ್ಪರ್‌ಗೆ ಬಂದು ಒಂದು ಹಳೇದ ಉಳಿದಿದ್ರ ಈ ಎಡವಟ್ಟು ಆಗೇ ಆಗತೈತಿ. ಫೈಲ್ ಪಾತ್ ಇರೋ ಯೂನಿಕ್ಸ್ ಸಾಕೆಟ್‌ಗೆ ಈ ತೊಂದರೆ ಇಲ್ಲ. ಅಲ್ಲಿ ನೋಡೋದು ಅನ್‌ಲಿಂಕ್ (ಹಳೇ ಸಾಕೆಟ್ ಫೈಲ್ ಅಳಿಸೋ ಕರೆ): ಬೈಂಡ್‌ಗಿಂತ ಮೊದಲಿದ್ದ ಅನ್‌ಲಿಂಕ್ ಸಾಲು 'ಬ್ಯಾಡಾಗಿತ್ತು' ಅಂತ ಅಳಿಸಿದ್ರ, ಒಮ್ಮೆ ನಡುವ ಸತ್ತ ಟೆಸ್ಟ್ ಮುಂದಿನ ಸಲ 'ಅಡ್ರೆಸ್ ಆಲ್‌ರೆಡಿ ಇನ್ ಯೂಸ್' ಅಂತೈತಿ. ಸಿಐ ಪ್ರತಿ ಸಲ ಹೊಸ ಕಂಟೇನರ್ ಎಬ್ಬಿಸೋದರಿಂದ ಅಲ್ಲಿ ಇದು ಕಾಣಂಗಿಲ್ಲ, ನಿಮ್ಮ ಲ್ಯಾಪ್‌ಟಾಪ್‌ನಾಗ ಕಾಣತೈತಿ.

ಹೆಲ್ಪರ್ ದೋಷ ಹೇಳೋ ರೀತಿನೂ ನೋಡ್ರಿ. ಕ್ಲೋಸ್ ಮಾಡಿ ಆಮ್ಯಾಲ ದೋಷದ ಕಾರಣ ಅಚ್ಚು ಹಾಕೋ ಪಿಎರರ್ ಕರೆದ್ರ, ಕಾರಣದ ಸಂಖ್ಯೆ ಇರೋ 'ಎರ್‌ನೋ'ನ ಕ್ಲೋಸ್ ಬದಲಿಸಿರಬಹುದು, ಆಗ ತಪ್ಪು ಕಾರಣ ಅಚ್ಚಾಗತೈತಿ. ಫೈಲ್ ಡಿಸ್ಕ್ರಿಪ್ಟರ್ (ತೆರೆದ ಫೈಲ್ ಇಲ್ಲಾ ಸಾಕೆಟ್‌ಗೆ ಕರ್ನಲ್ ಕೊಡೋ ಸಂಖ್ಯೆ) 0 ಕೂಡ ಸರಿಯಾದ ಸಂಖ್ಯೆನ. 'ಸೊನ್ನೆ ಅಥವಾ ಕಡಿಮಿ ಇದ್ರ ತಪ್ಪು' ಅಂತ ಬರದಿದ್ರ ಸ್ಟ್ಯಾಂಡರ್ಡ್ ಇನ್‌ಪುಟ್ ಮುಚ್ಚಿ ಓಡಿಸೋ ಸಿಐದಾಗ ಸುಮ್ನ ಬೀಳತೈತಿ. ಅಸರ್ಟ್ ಒಳಗ ನೇರ ಬೈಂಡ್ ಕರೆ ಇಟ್ಟಿದ್ರ, 'ಎನ್‌ಡೀಬಗ್' (ಅಸರ್ಟ್‌ಗಳನ್ನ ತಗದುಹಾಕೋ ಆಯ್ಕೆ) ಹಾಕಿ ಬಿಲ್ಡ್ ಮಾಡಿದಾಗ ಬೈಂಡ್ ಕರೆನೇ ಮಾಯ. ಇವು ಗೊತ್ತಿರೋ ರೋಗ. ಕಡಿಮಿ ಜನ ಗಮನಿಸೋದು ಇದು: ಹೆಲ್ಪರ್ ತಪ್ಪಾದಾಗ 'ಎಕ್ಸಿಟ್ 1' ಮಾಡತೈತಿ ಅನ್ಕೋರಿ. ಅದನ್ನ ಫೋರ್ಕ್ ಆದ ಚೈಲ್ಡ್ (ಪೇರೆಂಟ್ ಪ್ರೊಸೆಸ್‌ನ ನಕಲಾಗಿ ಹುಟ್ಟಿದ ಪ್ರೊಸೆಸ್) ಒಳಗ ಕರೆದ್ರ ಸಾಯೋದು ಚೈಲ್ಡ್ ಅಷ್ಟ. ಪೇರೆಂಟ್ ವೇಟ್‌ಪಿಡ್ ಕರೆದು ಸ್ಟೇಟಸ್ ನೋಡದ ಬಿಟ್ರ ಟೆಸ್ಟ್ ಪಾಸ್. ಹಳೇ ಕೋಡ್‌ನಾಗ ಸ್ಟೇಟಸ್ ನೋಡೋ ಸಾಲು ಇದ್ದು, 'ಬಳಕ್ಯಾಗ ಇರದ ವೇರಿಯಬಲ್' ಅಳಿಸುವಾಗ ಅದೂ ಹೋಯ್ತೇನು ಅಂತ ಹುಡುಕ್ರಿ.

ಪೋರ್ಟ್ ವಿಷಯ. 'ಖಾಲಿ ಪೋರ್ಟ್ ಹುಡುಕು' ಅನ್ನೋ ಫಂಕ್ಷನ್ ಕಂಡ್ರ ಒಳಗ ನೋಡ್ರಿ: ಪೋರ್ಟ್ 0ಕ್ಕ (ಅಂದ್ರ 'ಖಾಲಿ ಇದ್ದದ್ದು ಯಾವುದಾದ್ರೂ ಕೊಡು') ಬೈಂಡ್ ಮಾಡಿ, ಸಿಕ್ಕ ಸಂಖ್ಯೆ ಬರಕೊಂಡು, ಸಾಕೆಟ್ ಮುಚ್ಚಿ, ಸಂಖ್ಯೆ ವಾಪಸ್ ಕೊಡತೈತೇನು? ಬೆಳಗಾವಿ ಬಸ್ ಸ್ಟ್ಯಾಂಡ್‌ನಾಗ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದು, ಟವೆಲ್ ತಗೊಂಡು ಚಹಾ ಕುಡಿಯಾಕ ಹೋದಂಗ ಅದು. ವಾಪಸ್ ಬರೋದ್ರಾಗ ಯಾರೋ ಕುಂತಿರ್ತಾರ. ಲಿನಕ್ಸ್‌ನ ಎಫೆಮೆರಲ್ (ಕರ್ನಲ್ ತಾನ ಆರಿಸಿ ಕೊಡೋ) ಪೋರ್ಟ್ ಹರವು ಸಾಮಾನ್ಯವಾಗಿ 32768ರಿಂದ 60999. ಟೆಸ್ಟ್‌ಗಳು ಒಂದ ಹೊತ್ತಿಗೆ ಹತ್ತಿಪ್ಪತ್ತು ಓಡಿದ್ರ ಅಲ್ಲೇ ಡಿಕ್ಕಿ. ಸರಿಯಾದ ಕ್ರಮ: 0ಕ್ಕ ಬೈಂಡ್ ಮಾಡಿದ ಅದ ಸಾಕೆಟ್ ಮ್ಯಾಲ ಲಿಸನ್ ಮಾಡಿ, ಗೆಟ್‌ಸಾಕ್‌ನೇಮ್‌ನಿಂದ ಪೋರ್ಟ್ ತಿಳ್ಕೊಂಡು ಕ್ಲೈಂಟ್‌ಗೆ ಕೊಡೋದು. ಗೆಟ್‌ಸಾಕ್‌ನೇಮ್‌ಗೆ ಕೊಡೋ ಉದ್ದದ ವೇರಿಯಬಲ್‌ಗೆ ಮೊದಲ ಬೆಲೆ ಇಡಬೇಕು, ಬಂದ ಪೋರ್ಟ್‌ಗೆ 'ಎನ್‌ಟುಎಚ್‌ಎಸ್' (ನೆಟ್‌ವರ್ಕ್ ಬೈಟ್ ಕ್ರಮನ ಯಂತ್ರದ ಕ್ರಮಕ್ಕ ತರೋ ಫಂಕ್ಷನ್) ಹಚ್ಚಬೇಕು. ಎರಡೂ ಮರೆಯೋ ಮಂದಿ ಅದಾರ.

ರೀಯೂಸ್‌ಅಡ್ರೆಸ್ (ಇನ್ನೂ ಪೂರಾ ಬಿಡದ ವಿಳಾಸಕ್ಕ ಮತ್ತ ಬೈಂಡ್ ಮಾಡಾಕ ಬಿಡೋ) ಆಯ್ಕೆನ ಹೆಲ್ಪರ್ ಎಲ್ಲಾ ಸಾಕೆಟ್‌ಗೂ ಹಚ್ಚತೈತೇನು? ಟಿಸಿಪಿ ಸರ್ವರ್‌ಗೆ ಅದು ಬೇಕು, ಯಾಕಂದ್ರ ಮೊದಲ ಮುಚ್ಚಿದ ಕಡಿ ಲಿನಕ್ಸ್‌ನಾಗ 60 ಸೆಕೆಂಡ್ ಟೈಮ್-ವೇಟ್ (ಮುಚ್ಚಿದ ಕನೆಕ್ಷನ್‌ನ ಗುರುತು ಇನ್ನೂ ಉಳಿದಿರೋ) ಸ್ಥಿತಿಯಾಗ ಇರತೈತಿ, ನಿಗದಿ ಪೋರ್ಟ್ ಇದ್ರ ಎರಡನೇ ಸಲ ಓಡಂಗಿಲ್ಲ. ಯುಡಿಪಿಗೆ ಹಚ್ಚಿದ್ರ ಮಾತ ಬ್ಯಾರೆ: ಎರಡೂ ಸಾಕೆಟ್‌ಗೆ ಆ ಆಯ್ಕೆ ಇದ್ರ ಒಂದ ವಿಳಾಸ, ಒಂದ ಪೋರ್ಟ್‌ಗೆ ಎರಡೂ ಬೈಂಡ್ ಆಗತಾವ. 'ಎರಡನೇ ಬೈಂಡ್ ಬೀಳಬೇಕು' ಅಂತ ನೋಡೋ ಟೆಸ್ಟ್ ನಿಮ್ಮಲ್ಲಿದ್ರ ಹೆಲ್ಪರ್ ಅದರ ಅರ್ಥಾನ ತಿರುವಿದಂಗ. ಒಂದ ಪೋರ್ಟ್‌ನ ಹಲವು ಸಾಕೆಟ್‌ಗೆ ಹಂಚೋ ರೀಯೂಸ್‌ಪೋರ್ಟ್ ಹಚ್ಚಿದ್ರ ಇನ್ನೂ ಮಜಾ: ನಿನ್ನೆ ಸಾಯದ ಉಳಿದ ಅದ ಯೂಸರ್‌ನ ಹಳೇ ಸರ್ವರ್‌ಗೂ ಹೊಸದಕ್ಕೂ ಕನೆಕ್ಷನ್ ಹಂಚಿ ಹೋಗತಾವ. ಬೇಕಾದ ಟೆಸ್ಟ್ ಬಿಟ್ಟು ಉಳಿದದ್ದಕ್ಕ ಹಚ್ಚಬ್ಯಾಡ್ರಿ ಅನ್ರಿ.

ಐಪಿವಿ6 ಬಗ್ಗೆ ಒಂದ ಮಾತು: 127.0.0.1 ಇದ್ದಲ್ಲಿ 'ಲೋಕಲ್‌ಹೋಸ್ಟ್' ಅಂತ ಬರೆದು ಹೆಸರು ಬಿಡಿಸಿದ್ರ ಎಷ್ಟೋ ಯಂತ್ರದಾಗ ಮೊದಲ ಸಿಗೋದು ಐಪಿವಿ6 ವಿಳಾಸ. ಐಪಿವಿ4 ಟೆಸ್ಟ್ ಅಂತ ಹೆಸರಿಟ್ಟು ಐಪಿವಿ6 ಓಡಿಸ್ತೀರಿ.

ಇನ್ನ ಸ್ಲೀಪ್. ತಗಿಯೋದು ಒಳ್ಳೇದ, ಆದ್ರ ಪ್ರತಿ ಸ್ಲೀಪ್ ಏನಕ್ಕ ಕಾಯತಿತ್ತು ಅಂತ ಬರದವರು ಹೇಳಬೇಕು. ಟಿಸಿಪಿ ಸರ್ವರ್ ಏಳಾಕ ಕಾಯತಿತ್ತು ಅಂದ್ರ ಉಪಾಯ ಸರಳ: ಲಿಸನ್ ಮುಗಿಸಿ ಆಮ್ಯಾಲ ಫೋರ್ಕ್ ಮಾಡ್ರಿ. ಲಿಸನ್ ಆಗಿದ್ರ ಸಾಕು, ಆಕ್ಸೆಪ್ಟ್‌ಗೆ ಕಾಯೋದು ಬ್ಯಾಡ. ಹ್ಯಾಂಡ್‌ಶೇಕ್‌ನ ಕರ್ನಲ್ ಮುಗಿಸಿ ಬ್ಯಾಕ್‌ಲಾಗ್ (ಕಾಯೋ ಕನೆಕ್ಷನ್‌ಗಳ ಸಾಲು) ಒಳಗ ಇಟ್ಟಿರತೈತಿ. ಯುಡಿಪಿಗೆ ಆ ಸೌಲತ್ತು ಇಲ್ಲ. ಬೈಂಡ್ ಆಗೋದಕ್ಕಿಂತ ಮೊದಲ ಬಂದ ಪ್ಯಾಕೆಟ್ ಹೋತು ಅಂದ್ರ ಹೋತು, ಕನೆಕ್ಟ್ ಮಾಡಿದ ಯುಡಿಪಿ ಸಾಕೆಟ್ ಇದ್ರ ಮುಂದಿನ ಕರೆಗೆ 'ಕನೆಕ್ಷನ್ ರಿಫ್ಯೂಸ್ಡ್' ಬರತೈತಿ. ತಯಾರಿ ಚೈಲ್ಡ್ ಒಳಗ ಆಗಬೇಕಂದ್ರ ಪೈಪ್ ಇಡ್ರಿ: ಚೈಲ್ಡ್ ತಯಾರಾದಮ್ಯಾಲ ಒಂದು ಬೈಟ್ ಬರಿಲಿ, ಪೇರೆಂಟ್ ಓದಲಿ. ಪೇರೆಂಟ್ ತನ್ನ ಕಡಿಯಿಂದ ಪೈಪ್‌ನ ಬರಿಯೋ ತುದಿ ಮುಚ್ಚಬೇಕು. ಮುಚ್ಚದಿದ್ರ ಚೈಲ್ಡ್ ನಡುವ ಸತ್ತಾಗ ರೀಡ್‌ಗೆ 0 ಬರಂಗಿಲ್ಲ, ಪೇರೆಂಟ್ ಕುಂತಲ್ಲೇ ಕುಂದರತೈತಿ.

ಎಲ್ಲಾದಕ್ಕಿಂತ ಅಪಾಯದ ಸ್ಲೀಪ್ ಅಂದ್ರ 'ಏನೂ ಬರಬಾರದು' ಅಂತ ನೋಡೋ ಟೆಸ್ಟ್‌ನಾಗಿಂದು. ಫಿಲ್ಟರ್ ಹಚ್ಚಿ, ಪ್ಯಾಕೆಟ್ ಕಳಿಸಿ, ಅರ್ಧ ಸೆಕೆಂಡ್ ಕಾದು, ನಾನ್-ಬ್ಲಾಕಿಂಗ್ ರಿಸೀವ್ ಖಾಲಿ ಬಂದ್ರ ಪಾಸ್. ಇಲ್ಲಿ ಕಾಯೋದ ಟೆಸ್ಟ್. ಸ್ಲೀಪ್ ತಗದ್ರ ಪ್ಯಾಕೆಟ್ ಬರಾಕ ಹೊತ್ತ ಸಿಗದ ರಿಸೀವ್ ಖಾಲಿ ಬರಬಹುದು, ಫಿಲ್ಟರ್ ಕೆಟ್ಟಿದ್ರೂ ಪಾಸ್. ಟೆಸ್ಟ್ ವೇಗ ಆತು ಅಂತ ಎಲ್ಲರಿಗೂ ಖುಷಿ! ಸ್ಲೀಪ್ ಬ್ಯಾಡ ಅಂದ್ರ, ಬರಬಾರದ ಪ್ಯಾಕೆಟ್ ಹಿಂದಿಂದ ಅದ ದಾರಿಲೆ ಬರಲೇಬೇಕಾದ ಇನ್ನೊಂದು ಪ್ಯಾಕೆಟ್ ಕಳಿಸ್ರಿ. ಎರಡನೇದು ಮೊದಲ ಕೈಗೆ ಸಿಕ್ಕರ ಮೊದಲಿಂದು ತಡೆಗೊಂಡೈತಿ ಅಂತ ಲೆಕ್ಕ. ಲೂಪ್‌ಬ್ಯಾಕ್ ಮ್ಯಾಲ, ಒಂದ ಸಾಕೆಟ್‌ನಿಂದ ಸಾಲಾಗಿ ಕಳಿಸಿದ್ದಕ್ಕ ಇದು ಚಲೋ ನಡಿತೈತಿ.

ಓದೋ ಕಡಿ ಬರ್ರಿ. ಟಿಸಿಪಿ ಬೈಟ್‌ಗಳ ಹರಿವು, ಒಮ್ಮೆ ಕಳಿಸಿದ 1000 ಬೈಟ್ ಒಂದ ರಿಸೀವ್‌ನಾಗ ಬರಬೇಕಂತ ಏನೂ ಇಲ್ಲ. ನಿಮ್ಮ ಊರಿನ ಗೋಲಗುಮ್ಮಟ ಒಮ್ಮೆ ಕೂಗಿದ್ದನ್ನ ಹಲವು ಸಲ ಪೂರಾ ತಿರುಗಿ ಹೇಳತೈತಿ. ಬಂದದ್ದನ್ನ ಹಂಗ ವಾಪಸ್ ಕಳಿಸೋ ಎಕೋ ಸರ್ವರ್ ಒಮ್ಮೆ ಹೇಳತೈತಿ, ಅದೂ ತುಂಡು ತುಂಡಾಗಿ. ಹಳೇ ಕೋಡ್‌ನಾಗಿನ ಓದೋ ಲೂಪ್‌ನ 'ಸರಳ ಮಾಡಿ' ಒಂದ ರಿಸೀವ್ ಕರೆಗೆ ಇಳಿಸಿದ್ರ ಲೂಪ್‌ಬ್ಯಾಕ್ ಮ್ಯಾಲ ನೂರಕ್ಕ ತೊಂಬತ್ತೊಂಬತ್ತು ಸಲ ಓಡೀತು. ಲೂಪ್ ಇರಲಿ, ಇಲ್ಲಾ ಕೇಳಿದಷ್ಟೂ ಬರೋತನಕ ಕಾಯೋ 'ವೇಟ್‌ಆಲ್' ಫ್ಲ್ಯಾಗ್ ಇರಲಿ. ಆ ಫ್ಲ್ಯಾಗ್ ಇದ್ರೂ ಸಿಗ್ನಲ್ ಬಂದ್ರ ಕಡಿಮಿ ಬರಬಹುದು, ಹಿಂಗಾಗಿ ಬಂದ ಉದ್ದ ಹೋಲಿಸೋ ಸಾಲು ಬೇಕ ಬೇಕು.

ಕೊನಿಗಿದ್ದ 'ಸುಮ್ನಿನ' ರಿಸೀವ್ ಅಳಿಸ್ಯಾರೇನು ಅಂತಾನೂ ಹುಡುಕ್ರಿ. ಬಂದ ಡೇಟಾ ಯಾರೂ ನೋಡಂಗಿಲ್ಲ, ಅಂದ್ರ ಬ್ಯಾಡ ಅಂತ ತಗದಿರ್ತಾರ. ರಿಸೀವ್ ಬಫರ್‌ನಾಗ ಓದದ ಡೇಟಾ ಇಟ್ಟು ಕ್ಲೋಸ್ ಮಾಡಿದ್ರ ಲಿನಕ್ಸ್ ಫಿನ್ (ಮುಗೀತು ಅನ್ನೋ ಟಿಸಿಪಿ ಗುರುತು) ಬದಲಿ ರೀಸೆಟ್ (ಕನೆಕ್ಷನ್ ಕಡಿಯೋ ಗುರುತು) ಕಳಿಸತೈತಿ. ಎದುರಿನವನಿಗೆ ರೀಡ್ 0 ಬರೋ ಬದಲಿ 'ಕನೆಕ್ಷನ್ ರೀಸೆಟ್ ಬೈ ಪಿಯರ್' ಬರತೈತಿ. ಡೇಟಾ ಕ್ಲೋಸ್‌ಗಿಂತ ಮೊದಲ ಬಂತೋ ಆಮ್ಯಾಲ ಬಂತೋ ಅನ್ನೋದರ ಮ್ಯಾಲ ದೋಷ ಕಾಣೋ ಹೊತ್ತು ಬದಲಾಗೋದರಿಂದ ಹಿಡಿಯಾಕ ಭಾಳ ಕಷ್ಟ. ಹಂಗ ಶಟ್‌ಡೌನ್ ತಗದು ಬರೀ ಕ್ಲೋಸ್ ಇಟ್ಟಿದ್ರ, ಆ ಸಾಕೆಟ್‌ನ ಇನ್ನೊಂದು ನಕಲು ಫೋರ್ಕ್ ಆದ ಚೈಲ್ಡ್ ಕೈಯಾಗ ಐತೇನು ನೋಡ್ರಿ. ಶಟ್‌ಡೌನ್ ಕನೆಕ್ಷನ್‌ನ ಮುಚ್ಚತೈತಿ. ಕ್ಲೋಸ್ ನಿಮ್ಮ ಕೈಯಾಗಿನ ಹಿಡಿಕಿ ಬಿಡತೈತಿ ಅಷ್ಟ. ಕೊನಿಯ ಹಿಡಿಕಿ ಬಿಡೋತನಕ ಫಿನ್ ಹೋಗಂಗಿಲ್ಲ, ಎದುರಿನವ ಕಾಯತಾ ಇರ್ತಾನ. ಸೆಂಡ್ ಬದಲಿ ರೈಟ್ ಬಳಸಿದ್ರ 'ನೋಸಿಗ್ನಲ್' ಫ್ಲ್ಯಾಗ್ ಕೈ ಬಿಟ್ಟಂಗ. ಎದುರಿನವ ಮುಚ್ಚಿದ ಕನೆಕ್ಷನ್‌ಗೆ ಬರದ್ರ ಸಿಗ್‌ಪೈಪ್ ಸಿಗ್ನಲ್ ಬಂದು ಒಂದು ಸಾಲೂ ಅಚ್ಚಾಗದ ಟೆಸ್ಟ್ ಸಾಯತೈತಿ, ಶೆಲ್‌ನಾಗ 141 ಕಾಣತೈತಿ.

ಸ್ಕಿಪ್ ಕೋಡ್ ('ಈ ಟೆಸ್ಟ್ ಓಡಿಸದ ಬಿಟ್ಟೆ' ಅನ್ನೋ ಎಕ್ಸಿಟ್ ಸಂಖ್ಯೆ) ಬದಲಾಗ್ಯಾದೇನು ಅಂತ ಒಮ್ಮೆ ಕಣ್ಣಾಡಿಸ್ರಿ: ಕರ್ನಲ್ ಸೆಲ್ಫ್‌ಟೆಸ್ಟ್‌ಗಳಾಗ ಸ್ಕಿಪ್ ಅಂದ್ರ 4, ಆಟೋಮೇಕ್ ಬಿಲ್ಡ್ ಸಾಧನದಾಗ 77. 'ಎಕ್ಸಿಟ್ 0' ಅಂತ ಒಂದ ರೀತಿ ಮಾಡಿಟ್ರ ಓಡದ ಟೆಸ್ಟ್ ಪಾಸ್ ಲೆಕ್ಕಕ್ಕ ಸೇರತಾವ.

ಓದೋದು ಮುಗಿದಮ್ಯಾಲ ಓಡಿಸ್ರಿ. ಮೊದಲ 'ಅನ್‌ಶೇರ್' ಕಮಾಂಡ್‌ಗೆ 'ಆರ್', 'ಎನ್' ಆಯ್ಕೆ ಕೊಟ್ಟು ಬ್ಯಾರೆ ನೆಟ್‌ವರ್ಕ್ ನೇಮ್‌ಸ್ಪೇಸ್ (ಉಳಿದ ಯಂತ್ರದಿಂದ ಬ್ಯಾರೆ ಇರೋ ನೆಟ್‌ವರ್ಕ್ ಕೋಣೆ) ಒಳಗ ಶೆಲ್ ತಗೀರಿ. ಅಲ್ಲಿ ಲೂಪ್‌ಬ್ಯಾಕ್ ಇಳದ ಇರತೈತಿ. 'ಐಪಿ ಲಿಂಕ್ ಸೆಟ್ ಎಲ್ಒ ಅಪ್' ಮಾಡದ ಟೆಸ್ಟ್ ಹಚ್ಚಿದ್ರ 'ನೆಟ್‌ವರ್ಕ್ ಈಸ್ ಅನ್‌ರೀಚೆಬಲ್' ಬಂದು ಪ್ಯಾಚ್ ಮ್ಯಾಲ ಸುಮ್ನ ಸಿಟ್ಟಾಗ್ತೀರಿ. ಉಬುಂಟು 24.04ರಾಗ ಸಾಮಾನ್ಯ ಯೂಸರ್‌ಗೆ ಇದನ್ನ ತಡದಿರ್ತಾರ, ಆಗ ಸುಡೋ ಬೇಕು.

ಆಮ್ಯಾಲ ಹಳೇ ಬೈನರಿ, ಹೊಸ ಬೈನರಿ ಎರಡನ್ನೂ ಎಸ್‌ಟ್ರೇಸ್ (ಪ್ರೋಗ್ರಾಂ ಕರ್ನಲ್‌ಗೆ ಮಾಡೋ ಕರೆಗಳನ್ನ ಬರಕೊಳ್ಳೋ ಸಾಧನ) ಕೆಳಗ ಓಡಿಸ್ರಿ: 'ಎಫ್' ಆಯ್ಕೆ ಕೊಟ್ರ ಚೈಲ್ಡ್‌ಗಳೂ ಬರತಾವ, ನೆಟ್‌ವರ್ಕ್ ಕರೆಗಳ ಜೊತಿಗೆ ಕ್ಲೋಸ್, ರೀಡ್, ರೈಟ್ ಸೇರಿಸ್ರಿ. ಪ್ರೊಸೆಸ್ ಸಂಖ್ಯೆ, ಪೋರ್ಟ್ ಸಂಖ್ಯೆ ಸೆಡ್‌ನಿಂದ ಒರಸಿ ಡಿಫ್ ತಗದ್ರ, ಬರೀ ಹೆಲ್ಪರ್‌ಗೆ ತಂದ ಕಮಿಟ್‌ಗೆ ಡಿಫ್ ಹೆಚ್ಚುಕಡಿಮಿ ಖಾಲಿ ಬರಬೇಕು. ಒಂದು ಸೆಟ್‌ಸಾಕ್‌ಆಪ್ಟ್ (ಸಾಕೆಟ್‌ಗೆ ಆಯ್ಕೆ ಹಚ್ಚೋ ಕರೆ) ಹೆಚ್ಚು ಕಂಡ್ರ 'ನಡವಳಿಕೆ ಬದಲಾಗಿಲ್ಲ' ಅನ್ನೋ ಸಾಲು ಸುಳ್ಳು. ಇಷ್ಟ ಮಾಡಾಕ ಹತ್ತು ನಿಮಿಷ ಸಾಕು, ಮತ್ತ ಕಣ್ಣಿನ ರಿವ್ಯೂಕ್ಕಿಂತ ಇದನ್ನ ನಾ ಹೆಚ್ಚು ನಂಬ್ತೀನಿ.

ಬೇಕಂತ ಕೆಡಿಸೋದು ಮುಂದಿನ ಹೆಜ್ಜೆ. ಎಸ್‌ಟ್ರೇಸ್‌ನ 'ಇಂಜೆಕ್ಟ್' ಆಯ್ಕಿಯಿಂದ ಲಿಸನ್ ಕರೆಗೆ ತಪ್ಪು ಬರಿಸ್ರಿ, ಟೆಸ್ಟ್ ಸೊನ್ನೆ ಅಲ್ಲದ ಕೋಡ್‌ನಿಂದ ಹೊರಗ ಬರಬೇಕು. ಎಕೋ ಸರ್ವರ್‌ನಾಗ ಒಂದು ಬೈಟ್ ತಿರುವಿ ಕಳಿಸ್ರಿ, ಬೀಳಬೇಕು. ಐದೂ ಫೈಲ್‌ಗೆ ಒಂದೊಂದು ತಪ್ಪು ಸಾಕು. ಬೀಳದ ಫೈಲ್ ಸಿಕ್ಕರ ಹಳೇ ಕಮಿಟ್‌ನಾಗೂ ಅದ ತಪ್ಪು ಹಾಕಿ ನೋಡ್ರಿ. ಅಲ್ಲೂ ಬೀಳದಿದ್ರ ಅದು ಈ ಪ್ಯಾಚ್ ಮಾಡಿದ ಪಾಪ ಅಲ್ಲ, ಬ್ಯಾರೆ ಟಿಕೆಟ್ ಬರೀರಿ.

ಸ್ಲೀಪ್ ತಗದ ಕಮಿಟ್‌ಗೆ ಸಲ ಸಲ ಓಡಿಸೋದು ಬೇಕು, ಎಷ್ಟು ಸಲ ಅನ್ನೋದಕ್ಕ ಲೆಕ್ಕ ಐತಿ. ನೂರಕ್ಕೊಮ್ಮೆ ಬೀಳೋ ಟೆಸ್ಟ್‌ನ 100 ಸಲ ಓಡಿಸಿದ್ರ ಒಮ್ಮೆನೂ ಬೀಳದ ಪಾರಾಗೋ ಸಂಭವ 37%. 300 ಸಲಕ್ಕ 5%, 500 ಸಲಕ್ಕ 1%ಗಿಂತ ಕಡಿಮಿ. ಸುಮ್ನ ಓಡಿಸೋದಲ್ಲ, ಒಂದು ಕಡಿ 'ಸ್ಟ್ರೆಸ್-ಎನ್‌ಜಿ' ಹಚ್ಚಿ ಸಿಪಿಯು ತುಂಬಿಸ್ರಿ. ಅದ ನೇಮ್‌ಸ್ಪೇಸ್‌ನಾಗ 'ಟಿಸಿ'ಯಿಂದ ಲೂಪ್‌ಬ್ಯಾಕ್‌ಗೆ ನೆಟೆಮ್ (ಬೇಕಂತ ತಡ ಹುಟ್ಟಿಸೋ ಕರ್ನಲ್ ಸೌಲಭ್ಯ) ಹಚ್ಚಿ 100 ಮಿಲಿಸೆಕೆಂಡ್ ತಡ ಇಡ್ರಿ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಸೇರಿ ಸುತ್ತಿಗೆ 200 ಆಗತೈತಿ. ಅವಸರದಾಗ ಬರದ ಟೆಸ್ಟ್ ಎಲ್ಲಾ ಇಲ್ಲೇ ಉದುರತಾವ. ನೇಮ್‌ಸ್ಪೇಸ್ ಹೊರಗ ಮಾತ್ರ ಇದನ್ನ ಹಚ್ಚಬ್ಯಾಡ್ರಿ, ನಿಮ್ಮ ಯಂತ್ರದ ಲೂಪ್‌ಬ್ಯಾಕ್ ಪೂರಾ ನಿಧಾನ ಆಗತೈತಿ.

ಕಾಮೆಂಟ್ ಬರಿಯುವಾಗ ತಡೆಯೋ ಮಾತು, ರುಚಿಯ ಮಾತು ಬ್ಯಾರೆ ಇಡ್ರಿ. 'ಇಲ್ಲಿ ವೇಟ್‌ಪಿಡ್ ಸ್ಟೇಟಸ್ ನೋಡೋ ಸಾಲು ಹೋಗೈತಿ. ಚೈಲ್ಡ್‌ನಾಗ ಬೈಂಡ್ ಬಿದ್ರೂ ಟೆಸ್ಟ್ ಪಾಸ್ ಆಗತೈತಿ, ಇಂಜೆಕ್ಟ್ ಹಚ್ಚಿ ನೋಡೀನಿ, ಕಮಾಂಡ್ ಕೆಳಗ ಐತಿ': ಇದು ತಡೆಯೋ ಮಾತು. 'ಹೆಲ್ಪರ್ ಹೆಸರು ಇನ್ನಷ್ಟು ಗಿಡ್ಡ ಆಗಬಹುದಿತ್ತು' ಅನ್ನೋದು ರುಚಿ. ಅದರ ಮುಂದ 'ಬಿಟ್ರೂ ನಡಿತೈತಿ' ಅಂತ ಬರದುಬಿಡ್ರಿ. ಕರ್ನಲ್ ಪದ್ಧತಿ ನಿಮ್ಮಲ್ಲಿದ್ರ, ಓಡಿಸಿ ನೋಡಿದ್ದಕ್ಕ 'ಟೆಸ್ಟೆಡ್-ಬೈ', ಓದಿ ಒಪ್ಪಿದ್ದಕ್ಕ 'ರಿವ್ಯೂಡ್-ಬೈ'. ಎರಡೂ ಮಾಡಿದ್ರ ಎರಡೂ ಹಾಕ್ರಿ. ಸ್ವಚ್ಛತಾ ಪ್ಯಾಚ್‌ಗೆ 'ಫಿಕ್ಸಸ್' (ಹಳೇ ಕಮಿಟ್‌ನ ದೋಷ ಸರಿ ಮಾಡತೈತಿ ಅನ್ನೋ) ಟ್ಯಾಗ್ ಹಚ್ಚಿದ್ರ ತಗಸ್ರಿ, ಇಲ್ಲಂದ್ರ ಅದು ಸ್ಟೇಬಲ್ ಶಾಖೆಗಳಿಗೂ ಸುಮ್ನ ಇಳಿಯೋ ಸಾಧ್ಯತೆ ಐತಿ. ಎರಡನೇ ಆವೃತ್ತಿ ಬಂದಾಗ ಪೂರಾ ಮತ್ತೊಮ್ಮೆ ಓದಬ್ಯಾಡ್ರಿ; ಗಿಟ್ ರೇಂಜ್-ಡಿಫ್ ಹಚ್ಚಿ ಮೊದಲಿನದಕ್ಕೂ ಇದಕ್ಕೂ ಏನ್ ವ್ಯತ್ಯಾಸ ಅಷ್ಟ ನೋಡ್ರಿ, ಮತ್ತ ಆ ಐದು ಬೇಕಂತ ಹಾಕಿದ ತಪ್ಪುಗಳನ್ನ ಇನ್ನೊಮ್ಮೆ ಓಡಿಸ್ರಿ.